ಕಾರ್ಖಾನೆಗೆ ಹೊಸ ಯಜಮಾನರು ಬಂದಾಗ

2020ರಲ್ಲಿ ಪಾಂಡವಪುರ ಸಹಕಾರಿ ಸಕ್ಕರೆ ಕಾರ್ಖಾನೆ 40 ವರ್ಷಗಳ ಗುತ್ತಿಗೆ ಮೇಲೆ ನಿರಾಣಿ ಶುಗರ್ಸ್ ಎಂಬ ಖಾಸಗಿ ಕಂಪನಿಯ ಕೈಗೆ ಹೋಯಿತು. ನಿಂತಿದ್ದ ಮಿಲ್ಲು ತಿರುಗಿತು. ಕಟಾವಿಗೆ ಬಂದ ಕಬ್ಬು ಹೊಲದಲ್ಲೇ ಒಣಗುವುದನ್ನು ನೋಡಿದ ಮನೆಗಳಿಗೆ ಅದು ದೊಡ್ಡ ಸಮಾಧಾನ.

ಆದರೆ ಒಳಗೆ ದುಡಿಯುವವರ ಕಡೆಯಿಂದಲೂ ಯೋಚಿಸಬೇಕು. ಸಹಕಾರಿ ಕಾರ್ಖಾನೆಯಲ್ಲಿ ಯಜಮಾನ ಅಂದರೆ ಷೇರುದಾರ ರೈತ. ತೂಕದ ಮನೆಯಲ್ಲಿ ಕೂತ ಗುಮಾಸ್ತನ ಎದುರು ಗಾಡಿ ನಿಲ್ಲಿಸಿದವನು ಅವನ ಸೋದರಮಾವನೋ ಪಕ್ಕದೂರಿನವನೋ ಆಗಿರುತ್ತಾನೆ. ತೂಕ ಕಮ್ಮಿ ಬಂತು ಅನ್ನಿಸಿದರೆ ಅಲ್ಲೇ ಜಗಳ. ಬಗೆಹರಿಯದಿದ್ದರೆ ನಿರ್ದೇಶಕರ ಮನೆ ಬಾಗಿಲು, ಅಲ್ಲೂ ಆಗದಿದ್ದರೆ ಸರ್ವಸದಸ್ಯರ ಸಭೆ. ಶಿಫಾರಸು, ರಾಜಕೀಯ, ಬೇಡದಷ್ಟು ನೇಮಕಾತಿ ಒಳಗೆ ಬರುವುದೂ ಇದೇ ಸಲುಗೆಯಿಂದ. ಅನೇಕ ಸಹಕಾರಿ ಕಾರ್ಖಾನೆಗಳನ್ನು ಮುಳುಗಿಸಿದ್ದರಲ್ಲಿ ಅವುಗಳ ಪಾಲೂ ಇದೆ.

ಖಾಸಗಿಯವರು ಬಂದರೆ ಲೆಕ್ಕ ಬಿಗಿಯಾಗುತ್ತದೆ, ನಿರ್ಧಾರ ಬೇಗ ಆಗುತ್ತದೆ. ನಿರ್ಧಾರ ಮಾಡುವವರು ಮಾತ್ರ ಊರಿನಿಂದ ದೂರ ಇರುತ್ತಾರೆ. "ನಮ್ಮ ಸರ್ವಿಸ್ ಕಥೆ ಏನು ಸಾರ್?" ಅಂತ ಹಳೆಯ ನೌಕರ ಯಾರನ್ನು ಕೇಳಬೇಕು? ಸದ್ದು ಕೇಳಿಯೇ ಬಾಯ್ಲರಿನ ಹದ ಹೇಳುವವರು ಈ ನೌಕರರು. ಯಾವುದೇ ಕಾರ್ಖಾನೆ ಕೈ ಬದಲಾಗುವಾಗ, ಕರಾರಿಗೆ ಸಹಿ ಬೀಳುವ ಮೊದಲೇ ಅವರನ್ನೂ ಷೇರುದಾರರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸಲಿ ಎಂಬುದು ನನ್ನ ಆಸೆ.