ಬೆರಳುದ್ದದ ಸೆಲ್‌ಗೆ ಕಾವಲು ಯಾರು?

ಬಾಗಳಿ ಅಂದ ಕೂಡಲೇ ಎಲ್ಲರಿಗೂ ಕಲ್ಲೇಶ್ವರ ಗುಡಿ ನೆನಪಾಗುತ್ತೆ. ಹರಪನಹಳ್ಳಿ ಸೀಮೆಯಿಂದ ಈ ಕಾಲೇಜಿಗೆ ಬಂದ ನಾವು ಇವತ್ತು ಅಲ್ಲಿನ ಟಾರ್ಚ್ ಬಗ್ಗೆ ಹೇಳ್ತೀವಿ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ, ಮೆಕ್ಕೆಜೋಳಕ್ಕೆ ನೀರು ಬಿಡಲು ಅಪ್ಪ, ದೊಡ್ಡಪ್ಪ ಕತ್ತಲಲ್ಲೇ ಹೊಲಕ್ಕೆ ಹೋಗಬೇಕು. ಹಾವು, ಚೇಳು, ಕಾಡುಹಂದಿ ಎಲ್ಲದಕ್ಕೂ ಹಣೆಗೆ ಕಟ್ಟಿದ ಟಾರ್ಚೇ ಧೈರ್ಯ. ಅಂಥ ಎಷ್ಟೋ ಟಾರ್ಚ್‌ಗಳಲ್ಲಿ ಇರೋದು 18650 ಲಿಥಿಯಂ-ಅಯಾನ್ ಸೆಲ್. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಅಳತೆಯೇ ಅದರ ಹೆಸರು.

ಮೆಕ್ಯಾನಿಕಲ್ ವೇಪ್‌ಗೆ ಹಾಕೋದೂ ಹೆಚ್ಚಾಗಿ ಇದೇ ಸೆಲ್. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು, 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಆದ್ದರಿಂದ ಸೇದೋ ಮಾತು ಬೇಡ. ಆದರೆ ಅದರ ರಚನೆ ನೋಡಿ: ಲೋಹದ ಕೊಳವೆ, ಒಂದು ಸೆಲ್, ಒಂದು ಬಟನ್, ಒಂದು ಕಾಯಿಲ್. ನಡುವೆ ಸರ್ಕ್ಯೂಟೇ ಇಲ್ಲ. ಪೂರ್ತಿ ಚಾರ್ಜ್ ಆದ ಸೆಲ್ 4.2 ವೋಲ್ಟ್. ಕಾಯಿಲ್ 0.1 ಓಮ್ ಇದ್ದರೆ, ಸೆಲ್ಲಿನ ಒಳರೋಧ ಬಿಟ್ಟು ಲೆಕ್ಕ ಹಾಕಿದರೆ 42 ಆಂಪಿಯರ್! ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಕಿತ್ತ ಸೆಲ್ ಇಷ್ಟು ಕೊಡೋಕೆ ಹುಟ್ಟಿದ್ದೇ ಅಲ್ಲ. ಸಾಕು ಅನ್ನೋರು ಅಲ್ಲಿ ಯಾರೂ ಇಲ್ಲ.

ಟಾರ್ಚ್‌ನಲ್ಲಿ ಎಲ್‌ಇಡಿ ಎಳೆಯೋ ಕರೆಂಟ್ ಕಡಿಮೆ, ನಿಜ. ಅಲ್ಲಿ ಭಯ ಚಾರ್ಜಿಂಗ್‌ನದು. ಮೊದಲು ಸ್ಥಿರ ಕರೆಂಟ್, 4.2 ವೋಲ್ಟ್ ಮುಟ್ಟಿದ ಮೇಲೆ ಸ್ಥಿರ ವೋಲ್ಟೇಜ್, ಕರೆಂಟ್ ಇಳಿದಾಗ ಬಂದ್: ಇದು ಸರಿಯಾದ ಕ್ರಮ. ತೀರಾ ಅಗ್ಗದ ಕೆಲವು ಟಾರ್ಚ್‌ಗಳಲ್ಲಿ ಈ ಬಂದ್ ಮಾಡೋ ಏರ್ಪಾಡೇ ಇರಲ್ಲ. ಮಿತಿ ಮೀರಿ ಚಾರ್ಜ್ ಆದರೆ ಸೆಲ್ ಒಳಗೆ ಬಿಸಿ ಏರುತ್ತೆ. ಆ ಬಿಸಿಗೆ ಇನ್ನಷ್ಟು ರಾಸಾಯನಿಕ ಕ್ರಿಯೆ, ಅದರಿಂದ ಇನ್ನಷ್ಟು ಬಿಸಿ. 2600 ಎಂಎಎಚ್ ಸೆಲ್‌ನಲ್ಲಿ ಸುಮಾರು 34,600 ಜೌಲ್ ಶಕ್ತಿ ಇದೆ. 50 ಕೆ.ಜಿ. ಮೆಕ್ಕೆಜೋಳದ ಚೀಲವನ್ನು 70 ಮೀಟರ್ ಮೇಲೆತ್ತುವಷ್ಟು. ಅದು ಇರೋದು ದೊಡ್ಡಪ್ಪನ ಹಣೆ ಮೇಲೆ, ಇಲ್ಲಾ ಚಾರ್ಜಿಗೆ ಹಾಕಿದಾಗ ತಲೆದಿಂಬಿನ ಪಕ್ಕ.

ಹೇಳಿದರೆ, "ಏನಾಗಂಗಿಲ್ಲ ಬಿಡಪ್ಪ, ಎರಡು ವರ್ಷದಿಂದ ಹಿಂಗೇ ಐತಿ" ಅಂತಾರೆ. ಅವರ ಹತ್ತಿರ ವಾದ ಮಾಡಿ ಗೆಲ್ಲೋಕಾಗಲ್ಲ. ನಮ್ಮ ಕೈಲಾಗೋದು ಕೆಲಸ.

ಪ್ರಾಜೆಕ್ಟ್‌ಗೆ ತರೋ ಟಿಪಿ4056 ಬೋರ್ಡ್ ಗೊತ್ತಲ್ಲ? ಒಂದು ಸೆಲ್ಲಿಗೆ ಸರಿಯಾಗಿ ಚಾರ್ಜ್ ಮಾಡಿ ತಾನೇ ನಿಲ್ಲಿಸುತ್ತೆ. ಪ್ರೊಟೆಕ್ಷನ್ ಐಸಿ ಇರೋದನ್ನೇ ತಗೊಳ್ಳಿ; ಶಾರ್ಟ್ ಆದರೂ, ತೀರಾ ಖಾಲಿಯಾದರೂ ಕಡಿದುಹಾಕುತ್ತೆ. ಸೆಲ್ ಮೇಲೆ ನೇರ ಸಾಲ್ಡರ್ ಮಾಡಬೇಡಿ, ಹೋಲ್ಡರ್ ಬಳಸಿ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ ಆ ಸೆಲ್ ಬೇಡ: ಪ್ಲಸ್ ತುದಿಯ ನಡುವಿನ ಗುಂಡಿಯೊಂದು ಬಿಟ್ಟರೆ, ಅಂಚೂ ಸೇರಿ ಡಬ್ಬಿಯೆಲ್ಲ ಮೈನಸ್ಸೇ. ಬಿಡಿ ಸೆಲ್ಲನ್ನು ಕೀ, ಚಿಲ್ಲರೆ ಇರೋ ಜೇಬಿಗೆ ಹಾಕಲೇಬೇಡಿ. ಚಾರ್ಜಿಂಗ್ ಎಚ್ಚರ ಇರುವಾಗ, ಬರೀ ಬಂಡೆ ನೆಲದ ಮೇಲೆ. ಹಾಸಿಗೆ, ಮೇವಿನ ಬಣವೆಯಿಂದ ದೂರ. ಹಾಸ್ಟೆಲ್ ರೂಮಿಗೂ ಇದೇ ಮಾತು.

ಮುಂದಿನ ರಜೆಗೆ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಮಲ್ಟಿಮೀಟರ್, ಎರಡು ಬೋರ್ಡ್ ಇರಲಿ. ಟಾರ್ಚ್ ಬಿಚ್ಚಿ ಕೂತಾಗ ಮನೆಯವರು ಪಕ್ಕದಲ್ಲೇ ಬಂದು ಕೂರ್ತಾರೆ. ಹೇಳೋದನ್ನೆಲ್ಲ ಆಗ ಹೇಳಿ.