ಆ ವರದಿಯಲ್ಲಿ ನಾನು ಬರೆಯದ ಮಾತು

ಜಾತ್ರೆಯಲ್ಲೋ ಮೇಳದಲ್ಲೋ ಬ್ಯಾಟರಿ ಗಾಡಿ ಓಡಿಸಬೇಕೆಂದಿದ್ದೇವೆ ಎಂದು ಯಾರಾದರೂ ಸಲಹೆ ಕೇಳಿದರೆ, ಅದರಲ್ಲಿ ಕೂರುವವರು ಯಾರು ಎಂದು ನಾನು ಮೊದಲು ವಿಚಾರಿಸುತ್ತೇನೆ. ಈ ಪ್ರಶ್ನೆಯನ್ನು ಕೇಳಲೇಬೇಕಾಗಿದ್ದ ಹೊತ್ತಿನಲ್ಲಿ ನಾನು ಕೇಳಲಿಲ್ಲ. ಅದರಿಂದ ನೋವು ಅನುಭವಿಸಿದವರು ಒಬ್ಬ ಅಜ್ಜಿ ಮತ್ತು ಒಬ್ಬ ಚಾಲಕ.

ಉತ್ತರ ಕರ್ನಾಟಕದ ದೊಡ್ಡದೊಂದು ಕೃಷಿ ಮೇಳ ಅದು. ಊರು ಯಾವುದು, ನಡೆಸಿದವರು ಯಾರು ಎಂದು ಬರೆಯುವುದಿಲ್ಲ. ತಪ್ಪು ಊರಿನದಲ್ಲ. ಆಗ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ, ಎನ್‌ಎಸ್‌ಎಸ್ ಅಧಿಕಾರಿಯೂ ಆಗಿದ್ದೆ. ಸ್ವಯಂಸೇವಕರನ್ನು ಕರೆತಂದು ಕೆಲಸ ಹಂಚುವ ಅನುಭವವಿದೆ ಎಂದು ಸಮಿತಿಯವರು ಮೈದಾನದೊಳಗಿನ ಓಡಾಟದ ಹೊಣೆಯನ್ನು ನನಗೆ ಕೊಟ್ಟರು. ಆರು ಸೀಟಿನ ಬ್ಯಾಟರಿ ಗಾಡಿಗಳನ್ನು ಬಾಡಿಗೆಗೆ ತರೋಣ ಎಂದವನು ನಾನೇ.

ತರಿಸಿದ್ದರ ಉದ್ದೇಶದಲ್ಲಿ ಲೋಪವಿರಲಿಲ್ಲ ಎಂದು ಈಗಲೂ ನಂಬುತ್ತೇನೆ. ಹಿಂಗಾರಿಗೆ ಬೀಜ ಕೊಳ್ಳಲು ಬರುವವರಲ್ಲಿ ವಯಸ್ಸಾದವರು ಬಹಳ. ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಊರಿಗೆ ಊರೇ ಕೂತು ಬಂದಿರುತ್ತದೆ. ಬಸ್ಸು ನಿಲ್ಲುವ ಜಾಗದಿಂದ ಬೀಜದ ಮಳಿಗೆಗೆ, ಅಲ್ಲಿಂದ ಜಾನುವಾರು ಪ್ರದರ್ಶನಕ್ಕೆ, ಆಮೇಲೆ ಬೆಳೆ ತೋರಿಸುವ ಹೊಲದ ತಾಕುಗಳಿಗೆ ನಡೆಯುವಷ್ಟರಲ್ಲಿ ಮಂಡಿನೋವಿನವರು ಸೋತು ಕೂರುತ್ತಾರೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ತಲುಪುವಂತಿರಬೇಕು ಎನ್ನುವುದು ಅದರ ಆಶಯ. ಲಾಲ್‌ಬಾಗ್‌ನಲ್ಲಿ, ಮೈಸೂರಿನ ಮೃಗಾಲಯದಲ್ಲಿ ಇಂಥ ಗಾಡಿಗಳಲ್ಲಿ ಹಿರಿಯರು ಕೂತು ಸುತ್ತುವುದನ್ನು ನೋಡಿದ್ದೆ. ನಮ್ಮಲ್ಲೂ ಹಾಗೇ ಆಗುತ್ತದೆ ಅಂದುಕೊಂಡೆ. ಆದರೆ ಅಲ್ಲಿ ವರ್ಷವಿಡೀ ಇರುವ ರಸ್ತೆಗಳಿವೆ. ನಮ್ಮಲ್ಲಿ ಇದ್ದದ್ದು ನಾಲ್ಕು ದಿನದ ಮಟ್ಟಿಗೆ ಗರಸು ಹಾಕಿ ಸಮ ಮಾಡಿದ ದಾರಿ.

ಮಳಿಗೆಗಳ ಸಾಲಿನ ನಡುವೆ ಆ ದಾರಿ ಇಪ್ಪತ್ತು ಅಡಿ ಅಗಲವಿತ್ತು. ಕಾಗದದ ಮೇಲೆ ಇಪ್ಪತ್ತು ಅಡಿ ಎಂದರೆ ಧಾರಾಳವಾಗಿ ಕಾಣುತ್ತದೆ. ಜನ ಬಂದ ಮೇಲಿನ ಲೆಕ್ಕ ಬೇರೆ. ಎರಡೂ ಬದಿಯಲ್ಲಿ ಮಳಿಗೆಯ ಮುಂದೆ ನಿಂತು ನೋಡುವವರಿಗೇ ನಾಲ್ಕು ನಾಲ್ಕು ಅಡಿ ಹೋಗುತ್ತದೆ. ಉಳಿಯುವುದು ಹನ್ನೆರಡು. ಗಾಡಿಯ ಅಗಲ ಸುಮಾರು ನಾಲ್ಕು ಅಡಿ. ಎರಡು ಗಾಡಿ ಎದುರುಬದುರಾದರೆ, ಹೋಗುವವರು ಬರುವವರು ಎಲ್ಲ ಸೇರಿ ನಾಲ್ಕು ಅಡಿಯಲ್ಲಿ ನುಸುಳಬೇಕು. ಪಾದಚಾರಿಗಳ ಸೌಲಭ್ಯಕ್ಕಾಗಿ ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಹೊರತಂದ ಮಾರ್ಗಸೂಚಿ, ಸಾಧಾರಣ ಬೀದಿಯ ಫುಟ್‌ಪಾತ್‌ಗೇ ಕನಿಷ್ಠ 1.8 ಮೀಟರ್, ಅಂದರೆ ಆರು ಅಡಿ, ಅಡೆತಡೆಯಿಲ್ಲದ ಜಾಗ ಕೇಳುತ್ತದೆ. ಟೇಪು ಹಿಡಿದು ಅಳೆಯುವುದು ಹತ್ತು ನಿಮಿಷದ ಕೆಲಸ. ನಾನು ನಕ್ಷೆಯ ಮೇಲೆ ಬಾಣದ ಗುರುತು ಎಳೆದು ಸುಮ್ಮನಾದೆ.

ಮೊದಲ ದಿನ ಬೆಳಿಗ್ಗೆ ಗಾಡಿಗಳಲ್ಲಿ ಹಿರಿಯರೇ ಕೂತಿದ್ದರು. ಮಧ್ಯಾಹ್ನ ಒಬ್ಬ ಅತಿಥಿಯನ್ನು ವೇದಿಕೆಗೆ ಬಿಡಬೇಕಾಯಿತು, ಒಂದು ಗಾಡಿ ಕೊಟ್ಟೆ. ಆಮೇಲೆ ಅವರ ಜೊತೆ ಬಂದವರಿಗೆ ಇನ್ನೊಂದು. ಮರುದಿನ ಪ್ರಾಯೋಜಕರು, ಸಮಿತಿಯ ಸದಸ್ಯರು, ಅವರ ಮನೆಯವರು. ಯಾರಿಗೂ ಆಗುವುದಿಲ್ಲ ಎನ್ನಲು ನನಗೆ ನಾಲಿಗೆ ಬರಲಿಲ್ಲ. ಆರು ಸೀಟಿನ ಗಾಡಿ ಎರಡು ಕಿಲೋಮೀಟರಿನ ಸುತ್ತನ್ನು ಜನರ ನಡುವೆ ನಡಿಗೆಯ ವೇಗದಲ್ಲಿ ಮುಗಿಸಿ, ಹತ್ತಿಸಿ ಇಳಿಸಿ ಬರಲು ಅರ್ಧ ಗಂಟೆ ಬೇಕೇ ಬೇಕು. ತಾಸಿಗೆ ಹನ್ನೆರಡು ಜನ. ಇಷ್ಟು ಕಡಿಮೆ ಸೀಟಿರುವಾಗ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಹತ್ತಿ ಕೂತರೆ ಕಾಲಿಲ್ಲದ ಒಬ್ಬರು ಇಳಿದಂತೆಯೇ. ಎರಡನೆಯ ದಿನದ ಸಂಜೆಗೆ ಗೇಟಿನ ಬಳಿ ಊರುಗೋಲು ಹಿಡಿದವರು ಕಟ್ಟೆಯ ಮೇಲೆ ಕಾಯುತ್ತಿದ್ದರು, ನಡೆಯಬಲ್ಲವರು ಗಾಡಿಯಲ್ಲಿ ಹೋಗುತ್ತಿದ್ದರು. ನಾನು ಆ ಕಟ್ಟೆಯ ಮುಂದೆಯೇ ಓಡಾಡುತ್ತಿದ್ದೆ.

ಸ್ಕೂಟಿಗಳದು ಇನ್ನೊಂದು ಕಥೆ. ನೀರಿನ ಬಾಟಲಿ, ಊಟದ ಪೊಟ್ಟಣ ಒಯ್ಯಲು ಸ್ವಯಂಸೇವಕರು ಎಲೆಕ್ಟ್ರಿಕ್ ಸ್ಕೂಟಿಗಳಿಗೆ ಪಾಸು ಕೇಳಿದರು. ನಮ್ಮ ಮೋಟಾರು ವಾಹನ ನಿಯಮಗಳ ಪ್ರಕಾರ 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರ್ ದಾಟದ, ಹಗುರವಾದ ಬ್ಯಾಟರಿ ಸ್ಕೂಟರನ್ನು ಮೋಟಾರು ವಾಹನವೆಂದೇ ಪರಿಗಣಿಸುವುದಿಲ್ಲ. ನೋಂದಣಿ ಬೇಡ, ಲೈಸೆನ್ಸ್ ಬೇಡ. ಲೈಸೆನ್ಸೇ ಬೇಡವಾದ ಮೇಲೆ ಅಪಾಯವೂ ಇಲ್ಲ ಎಂದು ನಾನು ತೀರ್ಮಾನಿಸಿ ಸಹಿ ಹಾಕಿದೆ. ಆ ವಿನಾಯಿತಿ ಬರೆದವರ ಕಣ್ಣ ಮುಂದೆ ಇದ್ದದ್ದು ರಸ್ತೆ, ಅಲ್ಲಿನ ಲಾರಿ ಬಸ್ಸುಗಳ ಓಟ. ಮೇಳದ ದಾರಿಯಲ್ಲಿ ಜನ ಗಂಟೆಗೆ ಎರಡು ಮೂರು ಕಿಲೋಮೀಟರ್‌ನಂತೆ ನಿಂತು ನಿಂತು ಸಾಗುತ್ತಿರುತ್ತಾರೆ. ಗಂಟೆಗೆ 25 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 23 ಅಡಿ. ಅಜ್ಜನೊಬ್ಬ ಕತ್ತು ಹೊರಳಿಸುವಷ್ಟರಲ್ಲಿ ಸ್ಕೂಟಿ ಇಡೀ ದಾರಿಯ ಅಗಲಕ್ಕಿಂತ ಹೆಚ್ಚು ದೂರ ಬಂದಿರುತ್ತದೆ.

ಗಾಡಿಗಳ ಬಗ್ಗೆಯೂ ನಾನು ಏನನ್ನೂ ವಿಚಾರಿಸಿರಲಿಲ್ಲ. ಈ ವಾಹನ ಹುಟ್ಟಿದ್ದು ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ಆಟಗಾರರನ್ನು ಒಯ್ಯಲು. ಅಲ್ಲಿ ಎದುರಿಗೆ ಸಾವಿರ ಜನ ಇರುವುದಿಲ್ಲ. ಇಂಥ ಬಹಳಷ್ಟು ಗಾಡಿಗಳಿಗೆ ಬ್ರೇಕ್ ಇರುವುದು ಹಿಂದಿನ ಗಾಲಿಗಳಿಗೆ ಮಾತ್ರ. ಗರಸಿನ ಮೇಲೆ ಜೋರಾಗಿ ಒತ್ತಿದರೆ ಗಾಲಿ ನಿಂತರೂ ಗಾಡಿ ಜಾರುತ್ತದೆ. ಹಲವು ಮಾದರಿಗಳಲ್ಲಿ ಆಕ್ಸಿಲರೇಟರ್ ತುಳಿದ ಕೂಡಲೇ ಪಾರ್ಕಿಂಗ್ ಬ್ರೇಕ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಕೀಲಿ ಬಿಟ್ಟು ಚಾಲಕ ಚಹಾ ಕುಡಿಯಲು ಹೋದರೆ, ಸೀಟು ಹತ್ತಿ ಆಡುವ ಮಗುವಿನ ಪಾದ ಸಾಕು. ಖಾಲಿ ಗಾಡಿಯೇ ಅರ್ಧ ಟನ್ನಿನಷ್ಟು, ಆರು ಜನ ಕೂತರೆ ಒಂದು ಟನ್ನಿನ ಹತ್ತಿರಕ್ಕೆ ಹೋಗುತ್ತದೆ. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿರುವ ಗಾಡಿಯನ್ನು ಹದಿನೈದಕ್ಕೆ ಏರಿಸಿದರೆ ಗುದ್ದಿನ ಶಕ್ತಿ ಮೂರು ಪಟ್ಟಲ್ಲ, ಒಂಬತ್ತು ಪಟ್ಟಾಗುತ್ತದೆ. ಇದು ಹೈಸ್ಕೂಲಿನ ಭೌತಶಾಸ್ತ್ರ. ನಾನು ಓದಿದ್ದೇನೆ.

ಮೂರನೆಯ ದಿನ ಭಾನುವಾರ. ಸಂಜೆ ಐದರ ಹೊತ್ತಿಗೆ ಮಳಿಗೆಗಳ ಸಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೇಟಿನಲ್ಲಿ ಒಬ್ಬ ಗಣ್ಯರು ಬಂದು ನಿಂತಿದ್ದರು, ಗಾಡಿ ಬರಲಿಲ್ಲ. ನಾನು ಚಾಲಕನಿಗೆ ಫೋನ್ ಮಾಡಿದೆ.

“ಸರ್, ಮಂದಿ ಭಾಳ ಐತ್ರಿ. ಗಾಡಿ ಮುಂದ ಹೋಗವಲ್ದು,” ಅಂದ.

“ಹಾರ್ನ್ ಹಾಕ್ಕೋತ ಬಾ. ಸಾಹೇಬ್ರು ನಿಂತಾರ,” ಅಂದೆ.

ಸ್ವಲ್ಪ ಹೊತ್ತಿಗೆ ಮತ್ತೆ ಫೋನ್ ಮಾಡಿದೆ. ಈ ಸಲ ದನಿ ಏರಿಸಿದೆ. ಆ ಕರೆಯನ್ನು ಅವನು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದೇ ಎತ್ತಿಕೊಂಡಿದ್ದ. ಬೀಜದ ಮಳಿಗೆಗಳ ಮುಂದೆ ದಾರಿ ಒಂದಿಷ್ಟು ಬಿಡುವಾದ ಕಡೆ ವೇಗ ಹೆಚ್ಚಿಸಿದ್ದಾನೆ. ಎರಡು ಮಳಿಗೆಗಳ ಸಂದಿಯಿಂದ ನಮ್ಮದೇ ಸ್ವಯಂಸೇವಕನ ಸ್ಕೂಟಿ, ಮುಂದೆ ನೀರಿನ ಬಾಕ್ಸ್ ಇಟ್ಟುಕೊಂಡು, ಅಡ್ಡ ಬಂದಿದೆ. ಅದನ್ನು ತಪ್ಪಿಸಲು ಚಾಲಕ ಎಡಕ್ಕೆ ಎಳೆದ. ಎಡದಲ್ಲಿ ಜೋಳದ ಬೀಜದ ಚೀಲ ಹಿಡಿದ ಅಜ್ಜಿಯೊಬ್ಬರು ಮಳಿಗೆಯಿಂದ ಹಿಂದಕ್ಕೆ ಎರಡು ಹೆಜ್ಜೆ ಇಟ್ಟಿದ್ದರು. ಗಾಡಿಯ ಮೂಲೆ ತಾಗಿ ಬಿದ್ದರು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು.

ಆ ವಯಸ್ಸಿನಲ್ಲಿ ಆ ಮೂಳೆ ಮುರಿದರೆ ಏನಾಗುತ್ತದೆ ಎಂದು ಮನೆಯಲ್ಲಿ ಹಿರಿಯರಿರುವ ಎಲ್ಲರಿಗೂ ಗೊತ್ತು. ಶಸ್ತ್ರಚಿಕಿತ್ಸೆಯಾಯಿತು, ಖರ್ಚನ್ನು ಸಮಿತಿ ನೋಡಿಕೊಂಡಿತು. ಹೊಲಕ್ಕೆ ನಡೆದು ಹೋಗುತ್ತಿದ್ದವರು ಮನೆಯ ಪಡಸಾಲೆಯಲ್ಲಿ ವಾಕರ್ ಹಿಡಿದು ನಿಲ್ಲುವಂತಾದರು.

ನಾನು ನಿಜವಾಗಿ ಹೇಳಬೇಕಾದದ್ದು ಇದರ ನಂತರದ್ದು. ಅಂದು ರಾತ್ರಿಯೇ ಸಭೆ ಸೇರಿತು. ವರದಿ ಬರೆಯುವ ಕೆಲಸ ನನ್ನದಾಯಿತು. “ಚಾಲಕನ ಅಜಾಗರೂಕತೆಯಿಂದ” ಎಂದು ಬರೆದೆ. ಸ್ಕೂಟಿಗೆ ಪಾಸು ಕೊಟ್ಟವರು ಯಾರೆಂದು ಬರೆಯಲಿಲ್ಲ. ಫೋನಿನ ಮಾತು ಬರೆಯಲಿಲ್ಲ. ಕೇಳಿದವರೂ ಇರಲಿಲ್ಲ. ಬಾಡಿಗೆಯವರು ಆ ಹುಡುಗನನ್ನು ಕೆಲಸದಿಂದ ತೆಗೆದರು. ಅವನು ನನ್ನ ಮುಂದೆ ಬಂದು ನಿಂತ, ಒಂದು ಮಾತೂ ಆಡಲಿಲ್ಲ. ನಾನು ಬೇರೆ ಕಡೆ ನೋಡಿದೆ. ಅಪಘಾತಕ್ಕೆ ಕಾರಣವಾದ ಅವಸರ ನನ್ನದು. ಆದರೆ ಅದು ಕಾಗದದ ಮೇಲೆ ಬಂದದ್ದು ಅವನ ಹೆಸರಿನಲ್ಲಿ.

ಅಜ್ಜಿಯನ್ನು ನೋಡಲು ಹೋಗುವ ಧೈರ್ಯ ಬರಲು ತಿಂಗಳುಗಳೇ ಹಿಡಿದವು. ಚಹಾ ಕೊಡಿಸಿದರು. ನಾನು ಕ್ಷಮೆ ಕೇಳಿದೆ.

“ಬಂದದ್ದ ಗೊತ್ತಾಗಲಿಲ್ಲ ತಮ್ಮಾ. ಸಪ್ಪಳನ ಇಲ್ಲಲ್ಲ ಆ ಗಾಡಿಗೆ. ಟ್ರ್ಯಾಕ್ಟರ್ ಬಂದ್ರ ನೆಲಾನ ನಡಗತೈತಿ, ಬಂಡಿ ಬಂದ್ರ ಗೆಜ್ಜಿ ಕೇಳಸ್ತೈತಿ,” ಅಂದರು. ಆಮೇಲೆ ಕೇಳಿದರು, “ಆ ಹುಡುಗನ್ನ ಯಾಕ ಕೆಲಸದಿಂದ ತಗದ್ರಿ? ನನ್ನ ಕೂಡ ದವಾಖಾನಿ ತನಕ ಬಂದಾಂವ ಅವನ ಒಬ್ಬಾಂವ.”

ಉತ್ತರ ಕೊಡಲಾಗಲಿಲ್ಲ. ಊರಿಗೆ ಬಂದು, ನಡೆದದ್ದನ್ನು ನಡೆದ ಹಾಗೆ ಬರೆದು ಸಮಿತಿಗೆ ಕೊಟ್ಟೆ. ಆ ಹುಡುಗ ಅಷ್ಟರಲ್ಲಿ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋಗಿದ್ದ. ಅವನಿಗೂ ಫೋನ್ ಮಾಡಿ ಹೇಳಿದೆ. “ಆಯ್ತು ಬಿಡ್ರಿ ಸರ್,” ಅಂದ, ಅಷ್ಟೇ.

ಅಜ್ಜಿ ಹೇಳಿದ ಸಪ್ಪಳದ ಮಾತು ಬರಿಯ ಅನಿಸಿಕೆಯಲ್ಲ. ನಿಧಾನವಾಗಿ ಚಲಿಸುವಾಗ ಬ್ಯಾಟರಿ ವಾಹನಗಳು ಕೇಳಿಸುವುದೇ ಇಲ್ಲ ಎಂಬ ಕಾರಣಕ್ಕೆ ಯುರೋಪಿನಲ್ಲಿ 2021ರ ಜುಲೈನಿಂದ ಹೊಸ ಎಲೆಕ್ಟ್ರಿಕ್ ಕಾರುಗಳೆಲ್ಲವೂ ಗಂಟೆಗೆ 20 ಕಿಲೋಮೀಟರ್ ವೇಗದವರೆಗೆ ಕೃತಕ ಸದ್ದು ಹೊರಡಿಸಬೇಕೆಂದು ಕಡ್ಡಾಯ ಮಾಡಿದ್ದಾರೆ. ಅದು ರಸ್ತೆಯ ಕಾರುಗಳ ಮಾತಾಯಿತು. ಮೇಳದ ಗದ್ದಲದಲ್ಲಿ, ಧ್ವನಿವರ್ಧಕಗಳ ನಡುವೆ, ಸದ್ದನ್ನು ಮಾತ್ರ ನೆಚ್ಚಿದರೆ ಆಗದು. ಹಾರ್ನ್ ಅಂತೂ ಕೇಡೇ ಹೆಚ್ಚು ಮಾಡುತ್ತದೆ. ಬೆನ್ನ ಹಿಂದೆ ಹಾರ್ನ್ ಕೇಳಿದವರು ಒಬ್ಬರು ಎಡಕ್ಕೆ ಹಾರುತ್ತಾರೆ, ಒಬ್ಬರು ಬಲಕ್ಕೆ, ಮೂರನೆಯವರು ಗಾಬರಿಯಾಗಿ ನಿಂತಲ್ಲೇ ನಿಲ್ಲುತ್ತಾರೆ.

ಬ್ರಿಟನ್ನಿನಲ್ಲಿ 1865ರಲ್ಲಿ ಒಂದು ಕಾಯ್ದೆ ಬಂದಿತ್ತು. ಉಗಿಯಂತ್ರದ ವಾಹನಗಳ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕು, ಪಟ್ಟಣದಲ್ಲಿ ವೇಗ ಗಂಟೆಗೆ ಎರಡು ಮೈಲಿ ದಾಟಬಾರದು ಎಂದು ಅದರಲ್ಲಿತ್ತು. ಪ್ರಗತಿಗೆ ಅಡ್ಡಗಾಲು ಎಂದು ಅದನ್ನು ಹಳಿಯುವುದುಂಟು. ನನಗೆ ಈಗ ಅದರಲ್ಲಿ ವಿವೇಕ ಕಾಣುತ್ತದೆ. ಆದರೆ ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಊರ ತೇರು ಎಳೆಯುವಾಗ ಗಾಲಿಯ ಪಕ್ಕದಲ್ಲೇ ಮರದ ತುಂಡು ಹಿಡಿದ ಗಂಡಸರು ನಡೆಯುತ್ತಾರೆ. ತೇರು ಎತ್ತ ವಾಲಿತು, ಎಷ್ಟು ಬೇಗ ಉರುಳಿತು ಎಂದು ನೋಡುತ್ತ ಗಾಲಿಯಡಿಗೆ ತುಂಡು ಕೊಟ್ಟು ತಡೆಯುತ್ತಾರೆ. ತೇರು ಹೋಗುವ ಹೊತ್ತು ಊರಿಗೆಲ್ಲ ಮೊದಲೇ ಗೊತ್ತಿರುತ್ತದೆ, ಬೀದಿ ತೆರವಾಗಿರುತ್ತದೆ. ಇಷ್ಟೆಲ್ಲ ಎಚ್ಚರ ವಹಿಸಿದರೂ ಅವಘಡಗಳು ಆಗಿವೆ. ನಾನು ಬಿಟ್ಟ ಗಾಡಿಗಳಿಗೆ ಪಕ್ಕದಲ್ಲಿ ನಡೆಯುವವರೂ ಇರಲಿಲ್ಲ, ಹೊತ್ತಿನ ನಿಗದಿಯೂ ಇರಲಿಲ್ಲ.

ಮರುವರ್ಷ ಸಮಿತಿ ಮತ್ತೆ ನನ್ನನ್ನೇ ಕರೆಯಿತು. ಬರುವುದಿಲ್ಲ ಎಂದಿದ್ದೆ, ಹಿರಿಯರೊಬ್ಬರು ಒಪ್ಪಿಸಿದರು. ಮಳಿಗೆಗಳ ಹಿಂಬದಿಗೆ ಬೇರೆ ದಾರಿ ಮಾಡಿ, ಹಗ್ಗ ಕಟ್ಟಿ, ಗಾಡಿಗಳನ್ನು ಅಲ್ಲಿ ಮಾತ್ರ ಬಿಟ್ಟೆವು. ಆಂಬುಲೆನ್ಸಿಗೂ ಅದೇ ದಾರಿ ಒದಗಿತು. ಮಳಿಗೆಗಳ ನಡುವಿನ ದಾರಿಗೆ ಗಾಲಿಕುರ್ಚಿ, ಅದನ್ನು ತಳ್ಳಲು ವಿದ್ಯಾರ್ಥಿಗಳು. ದಾರಿಯುದ್ದಕ್ಕೂ ಕೂರಲು ಬೆಂಚು ಹಾಕಿಸಿದೆವು. ನನ್ನ ಅನುಭವದಲ್ಲಿ ಹಿರಿಯರಿಗೆ ಗಾಡಿಗಿಂತ ಹೆಚ್ಚು ಉಪಕಾರವಾದದ್ದು ಆ ಬೆಂಚುಗಳಿಂದಲೇ. ಸ್ಕೂಟಿಗಳಿಗೆ ಪಾಸು ಕೊಡಲಿಲ್ಲ, ನೀರು ತಳ್ಳುಗಾಡಿಯಲ್ಲಿ ಹೋಯಿತು. ಅತಿಥಿಗಳು ನಡೆದರು. ಒಬ್ಬರು ಮುನಿಸಿಕೊಂಡು ಅರ್ಧಕ್ಕೇ ಹೊರಟುಹೋದರು, ಅದರಿಂದ ಸಮಿತಿಯಲ್ಲಿ ನಾನು ಮಾತು ಕೇಳಬೇಕಾಯಿತು. ಹಿಂಬದಿಯ ದಾರಿ ಮಳೆಗೆ ಕೆಸರಾಗಿ ಒಂದು ದಿನ ಗಾಡಿ ಓಡಲೇ ಇಲ್ಲ. ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಯಾರೂ ಬೀಳಲಿಲ್ಲ.

ಬರುವ ಹಂಗಾಮಿನಲ್ಲಿ ಮೇಳ, ಜಾತ್ರೆ, ಸಮ್ಮೇಳನ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಗಾಡಿ ಬಾಡಿಗೆಗೆ ಗೊತ್ತುಮಾಡುವ ಮೊದಲು ದಾರಿಯನ್ನು ಟೇಪು ಹಿಡಿದು ಅಳೆಯಿರಿ. ನಡೆಯಲಾಗದವರಿಗೆ ಮಾತ್ರ ಸೀಟು ಎಂದು ಬರೆದು ಹಾಕಿ, ಮೊದಲು ನೀವೇ ಅದನ್ನು ಪಾಲಿಸಿ. ಓಡಿಸುತ್ತಿರುವ ಚಾಲಕನಿಗೆ ಫೋನ್ ಮಾಡಬೇಡಿ. ಏನಾದರೂ ಅನಾಹುತವಾದರೆ, ವರದಿಯಲ್ಲಿ ಅವನ ಹೆಸರು ಬರೆಯುವ ಮುನ್ನ ಅವನಿಗೆ ಕಡೆಯ ಕರೆ ಮಾಡಿದವರು ಯಾರೆಂದು ವಿಚಾರಿಸಿ.