ಎತ್ತಿಗೆ ಕಣಿಕಿ

ದೆಹಲಿಗೆ ಮುಂಗಾರು ಬರುವುದು ಸಾಮಾನ್ಯವಾಗಿ ಜೂನ್ 27ರ ಸುಮಾರಿಗೆ. ಅಷ್ಟರಲ್ಲಿ ನಮ್ಮ ವಿಜಯಪುರದ ಕಡೆ ಮೃಗಶಿರ ಮುಗಿದು ಆರಿದ್ರ ಮಳೆ ಕೂಡಿರುತ್ತದೆ. ಆದರೂ ನಮ್ಮ ಎರೆ ಹೊಲದಲ್ಲಿ ಆಗ ಏನೂ ಬಿತ್ತುವುದಿಲ್ಲ. ದ್ವಾರಕಾದ ಗೆಳೆಯರಿಗೆ ಇದು ವಿಚಿತ್ರ. ಮಳೆಗಾಲವಿಡೀ ಹೊಲ ಖಾಲಿಯೇ?

ಖಾಲಿಯಲ್ಲ, ನೀರು ಕುಡಿಯುತ್ತಿರುತ್ತದೆ. ಅಪ್ಪ ಎತ್ತು ಹೂಡಿ ಹರಗಿ, ಕಳೆ ತೆಗೆದು, ಉತ್ತರೆ-ಹಸ್ತ ಮಳೆಯ ಹದಕ್ಕೆ ಕಾಯುತ್ತಾನೆ. ಆಗ ಕೂರಿಗೆಯಲ್ಲಿ ಬಿಳಿಜೋಳ ಬಿತ್ತನೆ. ಆಮೇಲೆ ಮಳೆ ಬಾರದಿದ್ದರೂ ಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆ ಫೆಬ್ರುವರಿ ಮುಟ್ಟುತ್ತದೆ. ಇಲ್ಲಿ ಪಕ್ಕದ ನಜಫ್‌ಗಢದಲ್ಲಿ ನವೆಂಬರಿನಲ್ಲಿ ಬಿತ್ತಿದ ಗೋಧಿಗೆ ಮತ್ತೆ ಮತ್ತೆ ನೀರು ಹಾಯಿಸಬೇಕು.

ಅಪ್ಪನಿಗೆ ಈಗ ಕೈಲಾಗುತ್ತಿಲ್ಲ. ಹೊಲ ಲಾವಣಿಗೆ ಕೇಳಿದವರು ಜೂನಿನಲ್ಲೇ ತೊಗರಿ ಹಾಕುತ್ತೇವೆಂದರು. ತೊಗರಿ ಡಿಸೆಂಬರಿನವರೆಗೂ ಹೊಲದಲ್ಲಿರುತ್ತದೆ. ಆ ವರ್ಷ ಜೋಳವಿಲ್ಲ. ತಮ್ಮ ಫೋನ್ ಮಾಡಿ, “ಅಣ್ಣಾ, ರೊಕ್ಕ ಛಲೋ ಬರ್ತದ, ಏನಂತಿ?” ಎಂದ. ಹಿಂದಿನಿಂದ ಅಪ್ಪನ ದನಿ: “ಎತ್ತಿಗೆ ಕಣಿಕಿ ಎಲ್ಲಿಂದ ತರ್ತೀರಿ?”

ಜೋಳ ಹೋದರೆ ಕಣಿಕೆ ಹೋಗುತ್ತದೆ. ಕಣಿಕೆ ಹೋದರೆ ಎತ್ತುಗಳನ್ನು ಮಾರಬೇಕು. ಅವು ಹೋದಮೇಲೆ ಅಪ್ಪ ಬೆಳಿಗ್ಗೆ ಎದ್ದು ಯಾವ ಕಡೆ ಹೋಗಬೇಕು?

ಕೊನೆಗೆ ನಾಲ್ಕು ಎಕರೆ ತೊಗರಿಗೆ ಕೊಟ್ಟೆವು, ಎರಡು ಎಕರೆ ಜೋಳಕ್ಕೆ ಉಳಿಸಿಕೊಂಡೆವು. ಬಿತ್ತನೆಗೆ ರಜೆ ಹಾಕಿ ನಾನು ಹೋಗುತ್ತೇನೆ. ಎರಡೆಕರೆಯ ಕಣಿಕೆ ಒಂದು ಜೋಡಿಗೆ ವರ್ಷವಿಡೀ ಸಾಲುತ್ತದೆಯೇ ಎಂಬುದನ್ನು ಮುಂದಿನ ಬೇಸಿಗೆ ಹೇಳಬೇಕು.